ದೂರದ ಸವಾರಿಗೆ ಎಂಥ ಹ್ಯಾಂಡಲ್?

ಸೈಕಲ್ಲಿನ ಹ್ಯಾಂಡಲ್ ಮೂರು ಕೆಲಸ ಮಾಡುತ್ತದೆ. ದಿಕ್ಕು ತಿರುಗಿಸುತ್ತದೆ, ಬ್ರೇಕು ಗೇರುಗಳಿಗೆ ಜಾಗ ಕೊಡುತ್ತದೆ, ಸವಾರನ ಮೈಭಾರದ ಒಂದು ಪಾಲನ್ನು ಹೊರುತ್ತದೆ. ಮನೆಯಿಂದ ಮಾರುಕಟ್ಟೆಗೆ ಹೋಗಿಬರುವವರಿಗೆ ಈ ಮೂರನೆಯ ಕೆಲಸ ಗಮನಕ್ಕೇ ಬರುವುದಿಲ್ಲ. ಮೂವತ್ತು ನಲವತ್ತು ಕಿಲೋಮೀಟರ್ ದಾಟಿದ ಮೇಲೆ ಅಂಗೈ ಉರಿಯತೊಡಗುತ್ತದೆ, ಕಿರುಬೆರಳು ಜೋಮು ಹಿಡಿಯುತ್ತದೆ, ಹೆಗಲು ಬಿಗಿಯುತ್ತದೆ. ಆಗ ಹೆಚ್ಚಿನವರು ಮೊದಲು ದುಬಾರಿ ಕೈಗವಸು ಕೊಳ್ಳುತ್ತಾರೆ, ಆಮೇಲೆ ಹೊಸ ಹ್ಯಾಂಡಲ್ ಹುಡುಕುತ್ತಾರೆ. ಇರುವ ಹ್ಯಾಂಡಲ್ ಎಷ್ಟು ಎತ್ತರದಲ್ಲಿದೆ, ಎಷ್ಟು ದೂರದಲ್ಲಿದೆ, ಅದರ ಮೇಲೆ ಕೈ ಇಡಲು ಎಷ್ಟು ಬೇರೆ ಬೇರೆ ಜಾಗಗಳಿವೆ ಎಂದು ನೋಡುವವರು ಕಡಿಮೆ. ತೊಂದರೆ ಬಹುಮಟ್ಟಿಗೆ ಅಲ್ಲೇ ಇರುತ್ತದೆ.

ಇದನ್ನು ಪರೀಕ್ಷಿಸಿ ನೋಡಲು ತುಮಕೂರಿನ ಸುತ್ತಲಿನಂಥ ಜಾಗ ಸಿಗುವುದು ಕಷ್ಟ. ಪೇಟೆಯಿಂದ ಪೂರ್ವಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿ ದೇವರಾಯನದುರ್ಗ. ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 2,700 ಅಡಿ ಎತ್ತರದಲ್ಲಿ, ದುರ್ಗದ ನೆತ್ತಿ ಸುಮಾರು 3,900 ಅಡಿಯಲ್ಲಿ. ನಾಮದ ಚಿಲುಮೆಯವರೆಗೆ ಸಲೀಸಾಗಿ ಸಾಗುವ ದಾರಿ ಅಲ್ಲಿಂದ ಮುಂದೆ ಕಾಡಿನ ನಡುವೆ ಏರತೊಡಗುತ್ತದೆ. ಭೋಗಾನರಸಿಂಹಸ್ವಾಮಿ ಗುಡಿ ದಾಟಿ ಯೋಗಾನರಸಿಂಹನ ಬೆಟ್ಟದತ್ತ ತಿರುಗುವಾಗ ತಿರುವುಗಳು ಬಿಗಿಯಾಗುತ್ತವೆ. ಪಶ್ಚಿಮಕ್ಕೆ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ಗುಬ್ಬಿ. ಆ ದಾರಿಯಲ್ಲಿ ಏರಿಳಿತ ಕಡಿಮೆ, ಆದರೆ ಆಷಾಢದಲ್ಲಿ ಎದುರುಗಾಳಿ ಮುಖಕ್ಕೆ ಬಡಿಯುತ್ತದೆ. ದಕ್ಷಿಣಕ್ಕೆ ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗಿ ದೊಡ್ಡಕೆರೆ ನೋಡಿ ಬಂದರೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಬೆಂಗಳೂರಿನ ಸವಾರರು ದಾಬಸ್‌ಪೇಟೆಯ ಬಳಿ ಹೆದ್ದಾರಿ ಬಿಟ್ಟು ಊರ್ಡಿಗೆರೆಯ ಕಡೆಯಿಂದ ದುರ್ಗ ಹತ್ತುತ್ತಾರೆ. ಬೆಟ್ಟ ಕಾಣುವ ಹೊತ್ತಿಗೆ ಅವರ ಕೈ ಆಗಲೇ ಸಾಕಷ್ಟು ದಣಿದಿರುತ್ತದೆ. ಏರು, ಇಳಿಜಾರು, ಗಾಳಿ, ಉದ್ದದ ಬಯಲು ದಾರಿ ಇವು ನಾಲ್ಕೂ ಕೈಯನ್ನು ನಾಲ್ಕು ಥರ ಇಡುವಂತೆ ಮಾಡುತ್ತವೆ. ಒಂದೇ ಹಿಡಿತದಲ್ಲಿ ಇವೆಲ್ಲ ಸಾಗುವುದಿಲ್ಲ.

ಬೆರಳು ಜೋಮು ಹಿಡಿಯುವುದು ದಣಿವಿನಿಂದಲ್ಲ, ನರ ಒತ್ತಿಹೋಗುವುದರಿಂದ. ಕೈಗೆ ಹೋಗುವ ಎರಡು ನರಗಳಿಗೆ ಸೈಕಲ್ ಸವಾರಿಯಲ್ಲಿ ಪೆಟ್ಟು ಬೀಳುತ್ತದೆ. ಅಲ್ನಾರ್ ನರ ಕಿರುಬೆರಳಿನ ಬದಿಯಲ್ಲಿ, ಅಂಗೈಯ ಬುಡದಲ್ಲಿರುವ ಇಕ್ಕಟ್ಟಾದ ಓಣಿಯೊಂದರಲ್ಲಿ ಹಾಯ್ದುಹೋಗುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ಫೆಲಿಕ್ಸ್ ಗಿಯೊಂ 1861ರಲ್ಲಿ ಈ ಓಣಿಯನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ಅಂಗೈಯ ಬುಡವನ್ನು ಹ್ಯಾಂಡಲಿಗೆ ಊರಿ ಮೈಭಾರ ಬಿಟ್ಟರೆ ನರ ಅಲ್ಲಿ ಅದುಮಿಹೋಗುತ್ತದೆ. ಕಿರುಬೆರಳು, ಉಂಗುರದ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತವೆ. ಮೀಡಿಯನ್ ನರ ಮಣಿಕಟ್ಟಿನ ನಡುವೆ ಹಾಯುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿ ಹಾಗೇ ಗಂಟೆಗಟ್ಟಲೆ ಇದ್ದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ. ಹೀಗಾಗಿ ಯಾವ ಬೆರಳು ಜೋಮು ಹಿಡಿಯಿತು ಎಂದು ಗಮನಿಸಿದರೆ ತಪ್ಪು ಎಲ್ಲಿದೆ ಎಂಬುದರ ಅರ್ಧ ಉತ್ತರ ಸಿಕ್ಕಂತೆ. ಕಿರುಬೆರಳಾದರೆ ಭಾರ ಹೆಚ್ಚಾಗಿದೆ ಅಥವಾ ತಪ್ಪು ಜಾಗದಲ್ಲಿ ಬೀಳುತ್ತಿದೆ. ಹೆಬ್ಬೆರಳಿನ ಕಡೆಯಾದರೆ ಮಣಿಕಟ್ಟಿನ ಕೋನ ಸರಿಯಿಲ್ಲ.

ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಅಂಗೈ ತೊಡೆಯ ಕಡೆಗೆ ಮುಖ ಮಾಡಿರುತ್ತದೆ, ಹೆಬ್ಬೆರಳು ಮುಂದಕ್ಕಿರುತ್ತದೆ. ಮುಂಗೈಯ ಮೂಳೆಗಳಿಗೆ ಅದೇ ಆರಾಮದ ಸ್ಥಿತಿ. ನೇರ ಸಲಾಕೆಯಂಥ ಹ್ಯಾಂಡಲ್ ಹಿಡಿದಾಗ ಅಂಗೈ ಪೂರ್ತಿ ನೆಲದತ್ತ ಹೊರಳುತ್ತದೆ, ಮೊಣಕೈ ಹೊರಕ್ಕೆ ಚಾಚುತ್ತದೆ. ಅರ್ಧ ಗಂಟೆಗೆ ಅದರಿಂದ ನಷ್ಟವಿಲ್ಲ. ಐದಾರು ಗಂಟೆಗೆ ಇದೆ. ದೂರದ ಸವಾರಿಗೆ ಹ್ಯಾಂಡಲ್ ಆರಿಸುವವರು ಅಂಗೈ ಒಳಮುಖವಾಗಿ ಕೂರುವ ಒಂದು ಜಾಗವಾದರೂ ಅದರಲ್ಲಿದೆಯೇ ಎಂದು ಮೊದಲು ನೋಡಬೇಕು. ಅಂಗಡಿಯಲ್ಲಿ ಬಣ್ಣ, ತೂಕದ ಮಾತು ಬರುವಷ್ಟು ಈ ಮಾತು ಬರುವುದಿಲ್ಲ.

ಆದರೆ ಆಕಾರಕ್ಕಿಂತ ಮುಂಚೆ ಎತ್ತರ. ಪ್ರವಾಸಕ್ಕೆ ಹೋಗುವ ಸೈಕಲ್ಲಿನಲ್ಲಿ ಹ್ಯಾಂಡಲ್ ಸೀಟಿನ ಮಟ್ಟಕ್ಕೆ ಸಮವಾಗಿರಬೇಕು, ಇಲ್ಲವೇ ಎರಡು ಮೂರು ಸೆಂಟಿಮೀಟರ್ ಮೇಲಿರಬೇಕು. ರೇಸ್ ಸೈಕಲ್ಲುಗಳಲ್ಲಿ ಅದು ಸೀಟಿಗಿಂತ ಸಾಕಷ್ಟು ಕೆಳಗಿರುತ್ತದೆ. ಗಾಳಿಯನ್ನು ಸೀಳಲು ಅದು ಬೇಕು, ಕ್ಯಾರಿಯರ್ ಮೇಲೆ ಬಟ್ಟೆಗಂಟು ಕಟ್ಟಿಕೊಂಡು ದುರ್ಗಕ್ಕೆ ಹೊರಟವರಿಗೆ ಬೇಡ. ಹಳೆಯ ಮಾದರಿಯ ಸೈಕಲ್ಲಿನಲ್ಲಿ ಹ್ಯಾಂಡಲ್ ಹೊತ್ತ ಕಂಬ ಫೋರ್ಕಿನ ಕೊಳವೆಯೊಳಗೆ ಇಳಿದಿರುತ್ತದೆ. ಮೇಲಿನ ಬೋಲ್ಟ್ ಸಡಿಲಿಸಿ, ಮೆಲ್ಲಗೆ ತಟ್ಟಿದರೆ ಅದು ಮೇಲೆ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲೂ ಆಗುವ ಕೆಲಸ ಅದು. ಕಂಬದ ಮೇಲೆ ಕೆತ್ತಿರುವ ಗಡಿ ಗೆರೆ ಹೊರಗೆ ಕಾಣುವಷ್ಟು ಎತ್ತಬಾರದು ಎಂಬ ಎಚ್ಚರ ಒಂದು ಸಾಕು. ಹೊಸ ಮಾದರಿಯಲ್ಲಿ ಹ್ಯಾಂಡಲ್ ಹಿಡಿದಿರುವ ತುಂಡು, ಅಂದರೆ ಸ್ಟೆಮ್ಮು, ಫೋರ್ಕಿನ ಕೊಳವೆಯನ್ನು ಹೊರಗಿನಿಂದ ಅಪ್ಪಿರುತ್ತದೆ. ಅದರ ಕೆಳಗಿನ ಉಂಗುರಗಳಷ್ಟೇ ಎತ್ತರ. ಕಾರ್ಖಾನೆಯಲ್ಲೇ ಕೊಳವೆಯನ್ನು ಗಿಡ್ಡಕ್ಕೆ ಕತ್ತರಿಸಿಬಿಟ್ಟಿದ್ದರೆ ಮೇಲ್ಮುಖವಾಗಿ ಬಾಗಿದ ಸ್ಟೆಮ್ ಹಾಕಿಸುವುದೇ ದಾರಿ. ಹೊಸ ಸೈಕಲ್ ಕೊಳ್ಳುವವರು ಅಂಗಡಿಯಲ್ಲಿ ಈ ಉಂಗುರಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ಎತ್ತರದ ಜೊತೆಗೇ ದೂರ. ಸೀಟಿನಿಂದ ಹ್ಯಾಂಡಲ್ ಎಷ್ಟು ದೂರವಿರಬೇಕೆಂಬುದು ಸವಾರನ ಮುಂಡ ಮತ್ತು ತೋಳಿನ ಉದ್ದಕ್ಕೆ ಬಿಟ್ಟದ್ದು. ಮೊಣಕೈ ಸ್ವಲ್ಪ ಬಾಗಿರಬೇಕು, ಹೆಗಲು ಕಿವಿಯ ಕಡೆಗೆ ಏರಿರಬಾರದು. ತೋಳು ಸೆಟೆದಿದ್ದರೆ ರಸ್ತೆಯ ಒಂದೊಂದು ಗುಂಡಿಯ ಪೆಟ್ಟೂ ನೇರ ಹೆಗಲಿಗೆ ಬರುತ್ತದೆ. ಸ್ಟೆಮ್ಮುಗಳು 60 ಮಿ.ಮೀ.ಯಿಂದ 120 ಮಿ.ಮೀ.ವರೆಗೆ ಸಾಮಾನ್ಯವಾಗಿ ಸಿಗುತ್ತವೆ, 10 ಮಿ.ಮೀ. ವ್ಯತ್ಯಾಸವೂ ಮೈಗೆ ಗೊತ್ತಾಗುತ್ತದೆ. ಇಲ್ಲಿ ಹಲವರು ತಪ್ಪು ತಿಳಿಯುವ ಸಂಗತಿಯೊಂದಿದೆ. ಕೈಗೆ ಭಾರ ಹೆಚ್ಚಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳಿದರೆ ಭಾರ ಇಳಿಯುವುದಿಲ್ಲ, ಏರುತ್ತದೆ. ಸೊಂಟ ಪೆಡಲುಗಳ ಮೇಲಕ್ಕೆ ಬಂದಷ್ಟೂ ಮೈ ಮುಂದಕ್ಕೆ ವಾಲಿ ಕೈಯ ಮೇಲೆ ನಿಲ್ಲುತ್ತದೆ. ಸೀಟಿನ ಮೂತಿ ಕೆಳಗೆ ಬಾಗಿದ್ದರೂ ಇದೇ ಗತಿ: ಸವಾರ ಜಾರುತ್ತಲೇ ಇರುತ್ತಾನೆ, ಕೈ ಅವನನ್ನು ಹಿಂದಕ್ಕೆ ನೂಕುತ್ತಲೇ ಇರುತ್ತದೆ. ವಾಹನ ಓಡಾಡದ ಮೈದಾನದಲ್ಲಿ ಪೆಡಲ್ ತುಳಿಯುತ್ತಾ ಅಂಗೈಯನ್ನು ಹ್ಯಾಂಡಲಿನಿಂದ ಒಂದು ಕ್ಷಣ ಹಗುರ ಮಾಡಿ ನೋಡಬಹುದು. ಮೈ ಮುಂದಕ್ಕೆ ಮುಗ್ಗರಿಸಿದರೆ ಸೀಟನ್ನು ಮಟ್ಟ ಮಾಡಿ ಕೊಂಚ ಹಿಂದಕ್ಕೆ ಸರಿಸಬೇಕು. ಎಷ್ಟೋ ಸಲ ಹ್ಯಾಂಡಲಿನ ದೂರು ಇಷ್ಟರಲ್ಲೇ ಮುಗಿದುಹೋಗುತ್ತದೆ.

ಇಷ್ಟಾದ ಮೇಲೂ ಕೈ ನೋಯುವುದಾದರೆ ಆಕಾರದ ಪ್ರಶ್ನೆ ಬರುತ್ತದೆ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಓಡಿರುವುದು ಹಿಂದಕ್ಕೆ ಬಾಗಿದ ಹ್ಯಾಂಡಲ್. ಕಪ್ಪು ಬಣ್ಣದ, ರಾಡ್ ಬ್ರೇಕಿನ ದೊಡ್ಡ ಸೈಕಲ್ಲಿನಲ್ಲಿ ಇರುವುದು ಅದೇ. ಹಾಲಿನ ಕ್ಯಾನು, ತೆಂಗಿನಕಾಯಿ ಮೂಟೆ ಹೊತ್ತು ಡೇರಿಗೂ ಸಂತೆಗೂ ಓಡಾಡಿದ್ದು ಅದರಲ್ಲಿ. ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡಲು ಶುರುಮಾಡಿದ ಸೈಕಲ್ಲುಗಳಲ್ಲೂ ಮೈ ನೆಟ್ಟಗಿಟ್ಟು ಕೂರುವ ಈ ಮನೆಬಳಕೆಯ ಮಾದರಿಯೇ ಮುಂದುವರಿಯಿತು. ಪೇಟೆಯ ಹುಡುಗರು ಇದನ್ನು ಹಳೇಕಾಲದ್ದು ಎಂದು ಮೂಗು ಮುರಿಯುವುದುಂಟು. ಕೈಯ ದೃಷ್ಟಿಯಿಂದ ನೋಡಿದರೆ ಇದು ಬುದ್ಧಿವಂತರ ಕೆಲಸ. ಹಿಡಿ ಸವಾರನ ಹತ್ತಿರಕ್ಕೆ ಬರುತ್ತದೆ, ಅಂಗೈ ಒಳಮುಖವಾಗುತ್ತದೆ, ಮಣಿಕಟ್ಟು ನೇರವಾಗುತ್ತದೆ, ಭಾರವೆಲ್ಲ ಸೀಟಿಗೆ ಇಳಿಯುತ್ತದೆ. ಕುಣಿಗಲ್ ರಸ್ತೆಯಂಥ ಕಡೆ ಊರು, ತೋಟ, ಕೆರೆ ನೋಡುತ್ತ ಸಾಗಲು ಇದಕ್ಕಿಂತ ಸುಖದ ಹ್ಯಾಂಡಲ್ ಬೇರೆ ಇಲ್ಲ. ಇದರ ಕೊರತೆ ಎರಡು ಕಡೆ ಕಾಣುತ್ತದೆ. ಎದುರುಗಾಳಿಯಲ್ಲಿ ಎದೆ ಪೂರ್ತಿ ಗಾಳಿಗೆ ತೆರೆದಿರುತ್ತದೆ. ಆಷಾಢದಲ್ಲಿ ಗುಬ್ಬಿಗೆ ಹೊರಟವರಿಗೆ ಇದು ಚೆನ್ನಾಗಿ ಗೊತ್ತು. ದುರ್ಗದ ಏರಿನಲ್ಲಿ ಎದ್ದು ನಿಂತು ತುಳಿಯಹೋದರೆ ಹಿಡಿ ಮಂಡಿಗೆ ತಾಗುವಷ್ಟು ಹಿಂದಿರುತ್ತದೆ, ಮುಂದಿನ ಚಕ್ರ ಹಗುರಾಗಿ ಅತ್ತಿತ್ತ ಹೊಯ್ದಾಡುತ್ತದೆ. ರಾಡ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಬ್ರೇಕಿನ ಸನ್ನೆಗಳು ಹ್ಯಾಂಡಲಿಗೇ ಕೂಡಿಕೊಂಡಿರುವುದರಿಂದ ಎತ್ತರ ಬದಲಿಸಿದರೆ ರಾಡುಗಳನ್ನೂ ಹೊಂದಿಸಬೇಕು. ಹ್ಯಾಂಡಲನ್ನೇ ಬದಲಿಸುವುದಾದರೆ ಬ್ರೇಕಿನ ವ್ಯವಸ್ಥೆಯನ್ನೇ ಬದಲಿಸಬೇಕು.

ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಮಾರಾಟವಾಗುವ ಗೇರ್ ಸೈಕಲ್ಲುಗಳಿಗೆ ನೇರ ಹ್ಯಾಂಡಲ್. ಮಣ್ಣುದಾರಿಯಲ್ಲಿ ಹಿಡಿತ ಬಿಗಿ, ಬ್ರೇಕು ಸದಾ ಬೆರಳ ತುದಿಯಲ್ಲಿ, ಗೇರು ಸುಲಭ. ಕೈ ಇಡಲು ಜಾಗ ಮಾತ್ರ ಒಂದೇ. ಬೆಟ್ಟದ ಸೈಕಲ್ಲುಗಳ ಹ್ಯಾಂಡಲ್ 70 ಸೆಂ.ಮೀ.ಗೂ ಮೀರಿ ಅಗಲವಿರುತ್ತದೆ. ಕಲ್ಲುಬಂಡೆಗಳ ನಡುವೆ ನುಗ್ಗಲು ಅದು ಸರಿ, ಟಾರು ರಸ್ತೆಯಲ್ಲಿ ದಿನವಿಡೀ ತೋಳು ಅಗಲಿಸಿ ಕೂರುವುದು ಹೆಗಲಿಗೆ ಶಿಕ್ಷೆ. ರಸ್ತೆ ಪ್ರವಾಸಕ್ಕೆ 58ರಿಂದ 64 ಸೆಂ.ಮೀ. ಸಾಕು, ಹೆಚ್ಚಿನದನ್ನು ಅಂಗಡಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಬ್ರೇಕ್ ಲಿವರುಗಳು ನೆಲಕ್ಕೆ ಸಮಾನಾಂತರವಾಗಿ ಕೂತಿದ್ದರೆ ಮಣಿಕಟ್ಟು ಹಿಂದಕ್ಕೆ ಬಾಗಲೇಬೇಕಾಗುತ್ತದೆ. ಅಲೆನ್ ಕೀಯಿಂದ ಸಡಿಲಿಸಿ, ಮುಂಗೈ, ಅಂಗೈ, ಬೆರಳು ಒಂದೇ ಗೆರೆಯಲ್ಲಿ ಇಳಿಯುವಂತೆ ಕೆಳಕ್ಕೆ ಓರೆ ಮಾಡಿಕೊಂಡರೆ ಖರ್ಚಿಲ್ಲದೆ ಅರ್ಧ ನೋವು ಹೋಗುತ್ತದೆ. ಉಳಿದರ್ಧಕ್ಕೆ ತುದಿಯಲ್ಲಿ ಕೊಂಬು ಹಾಕಿಸುವುದು ಮದ್ದು. ಬಾರ್ ಎಂಡ್ ಎಂದು ಕರೆಯುವ ಈ ಗಿಡ್ಡ ಕೊಳವೆಗಳು ಹ್ಯಾಂಡಲಿನ ಎರಡೂ ಕೊನೆಗಳಿಂದ ಮುಂದಕ್ಕೆ ಚಾಚಿಕೊಳ್ಳುತ್ತವೆ. ಅವನ್ನು ಹಿಡಿದರೆ ಅಂಗೈ ಒಳಮುಖ. ಏರಿನಲ್ಲಿ ಎದ್ದು ನಿಂತು ಎಳೆಯಲು ಗಟ್ಟಿ ಆಧಾರ. ಇತ್ತೀಚೆಗೆ ಇವು ಫ್ಯಾಷನ್ ಅಲ್ಲ ಎಂಬ ಕಾರಣಕ್ಕೆ ಕಡಿಮೆಯಾಗಿವೆ. ಅದು ನಷ್ಟವೇ. ಅಂಗೈಯ ಬುಡಕ್ಕೆ ರೆಕ್ಕೆಯಂತೆ ಅಗಲವಾಗಿ ಆಸರೆ ಕೊಡುವ ಗ್ರಿಪ್ಪುಗಳನ್ನು ಜರ್ಮನಿಯ ಎರ್ಗಾನ್ ಕಂಪನಿ ಜನಪ್ರಿಯಗೊಳಿಸಿತು, ಈಗ ಅದೇ ಮಾದರಿಯವು ಅಗ್ಗದಲ್ಲೂ ಸಿಗುತ್ತವೆ. ಕಿರುಬೆರಳಿನ ಜೋಮಿಗೆ ಅವು ನಿಜವಾಗಿ ಉಪಯೋಗ.

ಯುರೋಪಿನ ದೂರಪ್ರವಾಸಿಗಳಲ್ಲಿ ಬಳಕೆಯಲ್ಲಿರುವ ಇನ್ನೊಂದು ಬಗೆ ಚಿಟ್ಟೆ ಹ್ಯಾಂಡಲ್. ಎಂಟರ ಅಂಕಿಯನ್ನು ಅಡ್ಡ ಮಲಗಿಸಿ ಸವಾರನ ಕಡೆ ಬಿಡಿಸಿಟ್ಟಂತೆ ಕಾಣುವ ಇದರಲ್ಲಿ ಕೈಗೆ ನಾಲ್ಕಾರು ಜಾಗಗಳಿವೆ. ನೇರ ಹ್ಯಾಂಡಲಿನ ಕೊಳವೆಯ ವ್ಯಾಸವೂ ಇದರದ್ದೂ ಒಂದೇ, 22.2 ಮಿ.ಮೀ.; ಆದ್ದರಿಂದ ಇರುವ ಬ್ರೇಕು, ಗೇರುಗಳನ್ನೇ ಕಳಚಿ ಇದಕ್ಕೆ ಕೂರಿಸಬಹುದು. ನೋಡಲು ವಿಚಿತ್ರ, ತೂಕ ಹೆಚ್ಚು, ಏರಿನಲ್ಲಿ ಬಲವಾಗಿ ಎಳೆದರೆ ಸ್ವಲ್ಪ ಬಳುಕುತ್ತದೆ.

ಕೆಳಕ್ಕೆ ಸುರುಳಿಯಾಗಿ ಬಾಗಿದ ಡ್ರಾಪ್ ಹ್ಯಾಂಡಲ್ ಬಗ್ಗೆ ಭಕ್ತಿಯೂ ಹೆಚ್ಚು, ಭಯವೂ ಹೆಚ್ಚು. ಸದಾ ಬಗ್ಗಿಯೇ ಓಡಿಸಬೇಕೆಂಬುದು ತಪ್ಪು ಕಲ್ಪನೆ. ಇದರಲ್ಲಿ ಮೇಲಿನ ನೇರ ಭಾಗ, ಮುಂದಕ್ಕೆ ಬಾಗುವ ಭುಜ, ಬ್ರೇಕಿನ ಮೇಲಿನ ರಬ್ಬರ್ ಗುಬಟು, ಕೆಳಗಿನ ಬಾಗು ಹೀಗೆ ಕೈಗೆ ನಾಲ್ಕು ನೆಲೆಗಳಿವೆ. ದೂರದ ಸವಾರರು ದಿನದ ಬಹುಪಾಲು ಕೈ ಇಡುವುದು ಗುಬಟುಗಳ ಮೇಲೆ, ಅಂಗೈ ಅಲ್ಲಿ ಒಳಮುಖವಾಗಿಯೇ ಇರುತ್ತದೆ. ಕೆಳಗಿನ ಬಾಗು ಎದುರುಗಾಳಿಗೆ ಮತ್ತು ಇಳಿಜಾರಿಗೆ ಮೀಸಲು. ಬ್ರೆವೆ ಎಂಬ ಕಾಲಮಿತಿಯ ದೂರಸವಾರಿಯಲ್ಲಿ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದವರಲ್ಲಿ ಬಹಳ ಮಂದಿ ಇದನ್ನು ಮೆಚ್ಚುವುದಕ್ಕೆ ಕಾರಣ ವೇಗವೊಂದೇ ಅಲ್ಲ, ನೆಲೆ ಬದಲಿಸುವ ಅನುಕೂಲ. ಆರಿಸುವಾಗ ಅಗಲ ಹೆಗಲಿನ ಅಳತೆಗೆ ಹೊಂದಬೇಕು: ಸಾಮಾನ್ಯವಾಗಿ 40ರಿಂದ 46 ಸೆಂ.ಮೀ. ಬಾಗಿನ ಆಳ ಕಡಿಮೆ ಇರುವ, ಅಂದರೆ 120-130 ಮಿ.ಮೀ. ಇಳಿಯುವ ಮಾದರಿ ಪ್ರವಾಸಕ್ಕೆ ಸರಿ. ಕೈ ತಲುಪದಷ್ಟು ಆಳವಿದ್ದರೆ ಆ ಭಾಗ ಅಲಂಕಾರಕ್ಕೆ ಮಾತ್ರ. ತುದಿಗಳು ಹೊರಕ್ಕೆ ಅಗಲವಾಗುವ ಬಗೆ ಹದಗೆಟ್ಟ ರಸ್ತೆಯಲ್ಲಿ ಹೆಚ್ಚು ಹಿಡಿತ ಕೊಡುತ್ತದೆ.

ನೇರ ಹ್ಯಾಂಡಲ್ ತೆಗೆದು ಡ್ರಾಪ್ ಹಾಕಿಸುತ್ತೇವೆ ಎನ್ನುವವರು ಲೆಕ್ಕ ಹಾಕಿ ಇಳಿಯಬೇಕು. ಡ್ರಾಪ್ ಕೊಳವೆಯ ವ್ಯಾಸ 23.8 ಮಿ.ಮೀ., ಹಾಗಾಗಿ ಹಳೆಯ ಲಿವರುಗಳು ಏರುವುದಿಲ್ಲ. ಹೊಸ ಲಿವರು ಹಾಕಿದರೂ ವಿ-ಬ್ರೇಕ್ ಇರುವ ಸೈಕಲ್ಲಿನಲ್ಲಿ ತೊಂದರೆ ತಪ್ಪದು: ವಿ-ಬ್ರೇಕಿಗೆ ಹೆಚ್ಚು ಉದ್ದದ ಕೇಬಲ್ ಎಳೆತ ಬೇಕು, ಡ್ರಾಪ್ ಲಿವರ್ ಎಳೆಯುವುದು ಕಡಿಮೆ. ಅಂಗಡಿಯ ಮುಂದೆ ನಿಂತಾಗ ಬ್ರೇಕ್ ಸರಿಯಾಗಿಯೇ ಇರುವಂತೆ ತೋರಿ, ದುರ್ಗದ ತಿರುವಿನಲ್ಲಿ ಲಿವರು ಹ್ಯಾಂಡಲಿಗೆ ತಾಗಿದರೂ ಚಕ್ರ ನಿಲ್ಲದೆ ಹೋಗಬಹುದು. ಅದಕ್ಕೆಂದೇ ಮಾಡಿದ ಉದ್ದ ಎಳೆತದ ಲಿವರುಗಳಿವೆ. ಎಲ್ಲ ಸೇರಿ ಖರ್ಚು ಅರ್ಧ ಸೈಕಲ್ಲಿನ ಬೆಲೆ ಮುಟ್ಟುವುದುಂಟು. ಸ್ಟೆಮ್ ಹಿಡಿಯುವ ಜಾಗದ ವ್ಯಾಸವೂ 25.4, 26.0, 31.8 ಮಿ.ಮೀ. ಎಂದು ಬೇರೆ ಬೇರೆ ಇರುವುದರಿಂದ ಅಳೆಯದೆ ಆನ್‌ಲೈನಿನಲ್ಲಿ ತರಿಸಿದರೆ ವಾಪಸು ಕಳಿಸುವ ಕೆಲಸ ತಪ್ಪಿದ್ದಲ್ಲ.

ಎಂಥ ಹ್ಯಾಂಡಲ್ ಇದ್ದರೂ ಹಿಡಿಯುವ ರೀತಿ ಕಲಿಯಬೇಕಾದದ್ದು. ಸಮತಟ್ಟು ದಾರಿಯಲ್ಲಿ ಜೋಮು ಬರುವವರೆಗೆ ಕಾಯದೆ ಹತ್ತು ನಿಮಿಷಕ್ಕೊಮ್ಮೆ ಕೈಯ ಜಾಗ ಬದಲಿಸುವುದು ರೂಢಿಯಾಗಬೇಕು. ಬೆರಳುಗಳಿಂದ ಬಿಗಿಯಾಗಿ ಹಿಸುಕಬಾರದು; ಹಕ್ಕಿಮರಿ ಹಿಡಿದಷ್ಟು ಸಾಕು. ನಾಮದ ಚಿಲುಮೆ ದಾಟಿ ಏರು ಶುರುವಾದಾಗ ಕುಳಿತೇ ತುಳಿಯುವವರು ಹ್ಯಾಂಡಲಿನ ಮೇಲ್ಭಾಗ ಹಿಡಿದು ಎದೆ ತೆರೆದರೆ ಉಸಿರಾಟ ಸಲೀಸು. ಎದ್ದು ನಿಲ್ಲುವಾಗ ಕೊಂಬು ಅಥವಾ ಗುಬಟು ಹಿಡಿಯಬೇಕು. ಇಳಿಯುವಾಗ ಮಾತು ಬೇರೆ. ಆಗ ಬೆರಳು ಬ್ರೇಕು ಬಿಟ್ಟು ಕದಲಬಾರದು, ಮೈಯನ್ನು ಹಿಂದಕ್ಕೆ ಸರಿಸಿ ಮೊಣಕೈ ಸಡಿಲ ಬಿಡಬೇಕು, ಹೆಬ್ಬೆರಳು ಕೊಳವೆಯನ್ನು ಕೆಳಗಿನಿಂದ ಸುತ್ತಿರಬೇಕು. ಹೆಬ್ಬೆರಳನ್ನೂ ಮೇಲೇ ಇಟ್ಟುಕೊಂಡು ಇಳಿಯುವವರ ಕೈ ಒಂದು ಗುಂಡಿಗೆ ಜಾರಿಹೋಗುತ್ತದೆ. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯುವ ಬದಲು ತಿರುವಿಗೆ ಮುಂಚೆ ಬಲವಾಗಿ ಹಿಡಿದು, ನೇರ ದಾರಿಯಲ್ಲಿ ಬಿಟ್ಟರೆ ರಿಮ್ಮಿಗೂ ಬೆರಳಿಗೂ ಬಿಡುವು.

ಸುಗ್ಗಿಯ ದಿನಗಳಲ್ಲಿ ಇನ್ನೊಂದು ಎಚ್ಚರ ಬೇಕು. ಈ ಭಾಗದ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಹುಲ್ಲನ್ನು ವಾಹನಗಳ ಚಕ್ರಕ್ಕೆ ಸಿಕ್ಕಿ ಒಕ್ಕಣೆಯಾಗಲೆಂದು ಹಾಸಿರುತ್ತಾರೆ. ಅದರ ಮೇಲೆ ಚಕ್ರ ಜಾರುತ್ತದೆ, ಚೈನಿಗೂ ಗೇರಿಗೂ ಹುಲ್ಲು ಸುತ್ತಿಕೊಳ್ಳುತ್ತದೆ. ದೂರದಿಂದಲೇ ಕಂಡಾಗ ಕೊಂಬಿನಿಂದಲೋ ಮೇಲ್ಭಾಗದಿಂದಲೋ ಕೈ ತೆಗೆದು ಬ್ರೇಕಿಗೆ ತರಬೇಕು, ಹುಲ್ಲಿನ ಮೇಲೆ ಮಾತ್ರ ಬ್ರೇಕ್ ಒತ್ತಬಾರದು. ಕೊಂಬು, ಚಿಟ್ಟೆ ಹ್ಯಾಂಡಲುಗಳ ಒಂದು ದೋಷ ಇಲ್ಲಿ ಹೊರಬೀಳುತ್ತದೆ: ಆರಾಮದ ಜಾಗದಲ್ಲಿ ಕೈ ಇದ್ದಾಗ ಬ್ರೇಕು ದೂರ. ಊರೊಳಗೆ, ಬಸ್ಸು ಓಡಾಡುವ ಕಿರಿದಾದ ದಾರಿಯಲ್ಲಿ, ದನ ಅಡ್ಡಬರುವ ಕಡೆ ಆ ನೆಲೆ ಬಿಟ್ಟುಬಿಡುವುದೇ ಕ್ಷೇಮ.

ಹ್ಯಾಂಡಲ್ ಮುಂದೆ ಚೀಲ ಕಟ್ಟುವವರು ಅದರಲ್ಲಿ ಹಗುರವಾದದ್ದನ್ನೇ ಇಡಬೇಕು. ಭಾರವಾದರೆ ತಿರುವಿನಲ್ಲಿ ಹ್ಯಾಂಡಲ್ ತಾನೇ ತಿರುಗಲು ನೋಡುತ್ತದೆ. ತಿಂಡಿ ಇಟ್ಟ ಚೀಲವಾದರೆ ನಾಮದ ಚಿಲುಮೆ, ದುರ್ಗದ ಕೋತಿಗಳು ಅದನ್ನು ಬೇಗ ಹಗುರ ಮಾಡಿಕೊಡುತ್ತವೆ.

ಮೆತ್ತನೆಯ ವಸ್ತುಗಳ ಸರದಿ ಕೊನೆಗೆ. ಡ್ರಾಪ್ ಹ್ಯಾಂಡಲಿಗೆ ಎರಡು ಸುತ್ತು ಟೇಪು ಸುತ್ತಿಸುವುದು, ಅಂಗೈಯ ಬುಡದಲ್ಲಿ ತೆಳು ಮೆತ್ತೆಯಿರುವ ಕೈಗವಸು ತೊಡುವುದು ಒಳ್ಳೆಯದೇ. ಮೆತ್ತೆ ತೀರಾ ದಪ್ಪವಾದರೆ ಅದೇ ನರದ ಮೇಲೆ ಒತ್ತುತ್ತದೆ. ಇವಕ್ಕಿಂತ ಹೆಚ್ಚು ಉಪಕಾರ ಮಾಡುವುದು ಟೈರು. ಕಲ್ಲಿನಂತೆ ಗಾಳಿ ತುಂಬಿಸಿದ ತೆಳು ಟೈರು ರಸ್ತೆಯ ನಡುಕವನ್ನೆಲ್ಲ ಕೈಗೆ ತಲುಪಿಸುತ್ತದೆ. ಫೋರ್ಕು ಹಿಡಿಸುವಷ್ಟು ಅಗಲದ ಟೈರು ಹಾಕಿ, ಅದರ ಮೇಲೆ ಬರೆದಿರುವ ಮಿತಿಯೊಳಗೆ ಗಾಳಿ ಸ್ವಲ್ಪ ಇಳಿಸಿದರೆ ವ್ಯತ್ಯಾಸ ಅಂದೇ ತಿಳಿಯುತ್ತದೆ.

ಒಟ್ಟಿನಲ್ಲಿ ಈ ಭಾಗದ ರಸ್ತೆಗಳಿಗೆ, ವಾರಕ್ಕೊಮ್ಮೆ ಐವತ್ತು ಅರವತ್ತು ಕಿಲೋಮೀಟರ್ ತುಳಿಯುವ ಹೆಚ್ಚಿನವರಿಗೆ, ಸೀಟಿನ ಮಟ್ಟಕ್ಕೆ ಏರಿಸಿದ, ಮಿತವಾದ ಅಗಲದ ನೇರ ಹ್ಯಾಂಡಲಿಗೆ ಕೊಂಬು ಹಾಕಿಸಿಕೊಳ್ಳುವುದೇ ಕಡಿಮೆ ಖರ್ಚಿನ ಒಳ್ಳೆಯ ಆಯ್ಕೆ. ಏರು ಬೇಡ, ಎದುರುಗಾಳಿಯಲ್ಲೂ ಅವಸರವಿಲ್ಲ ಎನ್ನುವವರಿಗೆ ಹಿಂದಕ್ಕೆ ಬಾಗಿದ ಹಳೆಯದೇ ಸಾಕು. ಡ್ರಾಪ್ ಬೇಕಾದರೆ ಅದಕ್ಕೆಂದೇ ಕಟ್ಟಿದ ಸೈಕಲ್ ಕೊಳ್ಳುವುದು ಜಾಣತನ. ಏನೇ ಬದಲಿಸಿದರೂ ಒಮ್ಮೆಗೆ ಒಂದನ್ನೇ ಬದಲಿಸಿ, ಹಳೆಯ ಜಾಗಕ್ಕೆ ಬಣ್ಣದ ಗುರುತು ಹಾಕಿ, ಚಿಲುಮೆಯವರೆಗೆ ಹೋಗಿಬಂದು ನೋಡಿದ ಮೇಲೆಯೇ ಉದ್ದದ ಪಯಣಕ್ಕೆ ಹೊರಡಬೇಕು. ಸವಾರಿ ನಿಲ್ಲಿಸಿ ದಿನಗಳು ಕಳೆದರೂ ಬೆರಳಿನ ಜೋಮು ಹೋಗದಿದ್ದರೆ, ಅಂಗಿಯ ಗುಂಡಿ ಹಾಕಲು, ಬೀಗದ ಕೈ ತಿರುಗಿಸಲು ಬಲ ಸಾಲದಾದರೆ, ಸೈಕಲ್ ಅಂಗಡಿಗೆ ಹೋಗುವುದನ್ನು ಬಿಟ್ಟು ವೈದ್ಯರಿಗೆ ತೋರಿಸಬೇಕು.